ವಗೈರೆ

ಪಿಯರ್ ಪಟ್ಟಣ, ಶಾಸನಸಭೆಯ ನಾಲ್ಕನೇ ಮಹಡಿ,
ಶಿಕ್ಷಣ ಸಮಿತಿಯ ಕೋಣೆ. ನನ್ನ ಕೆಲಸ ಇಷ್ಟೇ:
ಹಸಿರು ದೀಪ, ಹಳದಿ ದೀಪ, ಕೆಂಪು ದೀಪ.
ಮಾತಾಡಲು ತಲಾ ಮೂರು ನಿಮಿಷ.
ಗುಂಡಿ ಒತ್ತುವವಳು ನಾನು.

ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಅಣೆಕಟ್ಟಿನ ಬುಡದಲ್ಲಿ ಮಿಸೌರಿ ಹಬೆಯಾಡುತ್ತಿತ್ತು,
ಹೆಪ್ಪುಗಟ್ಟಲೂ ಪುರುಸೊತ್ತಿಲ್ಲದವರ ಹಾಗೆ.

ಮಸೂದೆ ಒಳ್ಳೆಯದೇ. ಸುಳ್ಳು ಯಾಕೆ ಹೇಳಲಿ.
"ಸರ್ಕಾರಿ ಶಾಲೆಗಳ ಶಿಕ್ಷಕರಿಗೆ" ಎಂದು ಶುರುವಾಗಿ
ಕನಿಷ್ಠ ಸಂಬಳ, ವರ್ಷ ವರ್ಷದ ಏರಿಕೆ, ಎಲ್ಲ ಇಟ್ಟು,
ಏಳನೇ ಪುಟದ ಕಟ್ಟಕಡೆಗೆ ಒಂದು ಸಾಲು:
"ವಗೈರೆ ಸಿಬ್ಬಂದಿಗೆ, ಹಣ ಉಳಿದಲ್ಲಿ."

ಆ ಸಾಲಿನ ಮೇಲೆ ಮಾತಾಡಲು ಬಂದಿದ್ದಳು
ವರ್ಲಾ ಹೆಫ್ನರ್. ಶಾಲೆಯ ಬಸ್ಸು ಓಡಿಸುವವಳು,
ಮಧ್ಯಾಹ್ನ ಅದೇ ಶಾಲೆಯ ತಟ್ಟೆ ತೊಳೆಯುವವಳು,
ಬೇಸಿಗೆಯಲ್ಲಿ ಮೋಟೆಲಿನ ಹಾಸಿಗೆ ಹಾಸುವವಳು.
ಹಿಮ ಮೆತ್ತಿದ ಬೂಟನ್ನು ಬಾಗಿಲಾಚೆ ಬಿಟ್ಟಿದ್ದಳು,
ಯಾರೂ ಹೇಳಿರಲಿಲ್ಲ. ಕಾಲುಚೀಲದಲ್ಲೇ ಮೈಕಿನ ಮುಂದೆ.

ಹಸಿರು.

"ಸ್ವಾಮಿ, ನಾನು ಲೆಕ್ಕ ತಂದಿಲ್ಲ.
ಲೆಕ್ಕ ನಿಮ್ಮ ಹತ್ತಿರ ಇದೆ. ನನ್ನ ಹತ್ತಿರ ಇರುವುದು
ಮೂವತ್ತೊಂಬತ್ತು ಮಕ್ಕಳು, ತೊಂಬತ್ತು ಮೈಲಿ.
ನಾಲ್ಕೂವರೆಗೆ ಎದ್ದು ಎಂಜಿನ್ ಬಿಸಿ ಮಾಡಬೇಕು.
ಆ ಮುಕ್ಕಾಲು ಗಂಟೆಗೆ ಸಂಬಳ ಇಲ್ಲ,
ಮಕ್ಕಳು ಇನ್ನೂ ಹತ್ತಿಲ್ಲವಲ್ಲ!
ಹೋದ ಮಾರ್ಚಿನ ಹಿಮಗಾಳಿಯಲ್ಲಿ ದಾರಿ ಕಾಣದೆ
ನಾಲ್ಕು ಗಂಟೆ ನಿಂತೆವು. ಒಂದನೇ ಕ್ಲಾಸಿನ ಪೋರ ಕೇಳಿದ,
ನೀನು ಟೀಚರಾ? ಅಲ್ಲ ಅಂದೆ.
ಮತ್ತೆ ಯಾರು? ಅಂದ.
ಉತ್ತರ ಹೊಳೆಯಲಿಲ್ಲ. ಮಗ್ಗಿ ಹೇಳಿಸುತ್ತಾ ಕೂತೆ,
ಚಳಿಗೆ ಯಾರೂ ಕಣ್ಣು ಮುಚ್ಚಬಾರದು ಅಂತ.
ಏಳೆಂಟಲ ಐವತ್ತಾರಕ್ಕೆ ಹಿಮ ಗುಡಿಸುವ ಗಾಡಿ ಬಂತು."

ಹಳದಿ.

ಒಬ್ಬ ಸದಸ್ಯರು ಕನ್ನಡಕ ಒರೆಸಿದರು.
ಇನ್ನೊಬ್ಬರಿಗೆ ತೂಕಡಿಕೆ. ಊಟವಾಗಿತ್ತು.

"ನಾನು ಕೆಂಪು ದೀಪ ಹಾಕಿ ಫಲಕ ಚಾಚಿದರೆ
ಹದಿನೆಂಟು ಚಕ್ರದ ಲಾರಿ ನಿಲ್ಲುತ್ತದೆ,
ಶೆರೀಫನೂ ನಿಲ್ಲುತ್ತಾನೆ. ಅದು ಕಾನೂನು,
ಇದೇ ಕಟ್ಟಡದಲ್ಲಿ ಬರೆದದ್ದು.
ಅಂದರೆ ನಾನು ನಿಮಗೆ ಗೊತ್ತಿರುವವಳೇ.
ಆ ಪುಟದಲ್ಲಿದ್ದೇನೆ. ಈ ಪುಟಕ್ಕೆ ಬಂದರೆ..."

ಗಡಿಯಾರ ಸೊನ್ನೆ ತೋರಿಸಿತು.
ನನ್ನ ಬೆರಳು ಗುಂಡಿಯ ಮೇಲಿತ್ತು. ಇತ್ತು, ಅಷ್ಟೇ.
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಡಮಾಡಿದವಳಲ್ಲ.

"...ಈ ಪುಟಕ್ಕೆ ಬಂದರೆ ನಾನು ವಗೈರೆ."

ಕೆಂಪು.
ಅಭ್ಯಾಸಬಲ, ತಟ್ಟನೆ ನಿಂತಳು.
ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು,
ಆಮೇಲೆ ಬೂಟಿನ ಕಡೆ ನಡೆದಳು.

ಎಂಟಕ್ಕೆ ಏಳು ಮತ. "ಹಣ ಉಳಿದಲ್ಲಿ" ಎಂಬುದನ್ನು
ಗೀಟು ಹೊಡೆದು ತೆಗೆದರು. ವಗೈರೆ ಹಾಗೇ ಉಳಿಯಿತು.
ಇನ್ನು ಸದನ, ಆಚೆಯ ಸದನ, ಗವರ್ನರ್ ಸಹಿ.
ಅಷ್ಟರಲ್ಲಿ ಎಷ್ಟು ಪೆನ್ನು, ಎಷ್ಟು ಗೀಟು.

ಸಂಜೆ ನಡಾವಳಿ ಟೈಪ್ ಮಾಡಿದೆ.
ಹೆಸರು, ಊರು, ಹುದ್ದೆ. ಮಾತಾಡಿದ ಅವಧಿ:
ಮೂರು ನಿಮಿಷ, ಎಂದು ಬರೆದು
ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತಿದ್ದು
ಸೇರಿಸಿದೆ,
ವಗೈರೆ.