ಕಟ್ಟು ಬಿಚ್ಚಿದ ಮೇಲೆ

ಸಾಗವಾನಿ ಕಟ್ಟಿಗೆ ಗಿರಾಕಿ ಇದೆ, ಒಳಗಿನವರಿಗಿಲ್ಲ.
ಶಹಾಬಜಾರಿನ ಈ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ
ಕಿರುಮೊಳೆ ಕಿತ್ತು, ಗಾಜು ಸರಿಸಿ
ಹೊರಗೆ ತೆಗೆದವರನ್ನು ಒಗೆಯಲಾರದೆ
ಬಿಸ್ಕೀಟಿನ ಡಬ್ಬಿಯಲ್ಲಿಟ್ಟೆ.
ಈಗ ಡಬ್ಬಿ ಮೂರಾಗಿವೆ.

ಮೊದಲು ಸಿಕ್ಕ ಗುರುತು ಮೋರೆಯದಲ್ಲ, ನೆಲದ್ದು.
ಶಹಾಬಾದಿ ಫರಸಿ, ಅದರಲ್ಲೊಂದು ಸೀಳು
ಕುರ್ಚಿಯ ಎಡಗಾಲಿನಿಂದ ಹೊರಟು
ಪರದೆಯ ಮೇಲೆ ಬರೆದ ಕೆರೆಯೊಳಗೆ ಹೋಗಿ ಮುಳುಗುತ್ತದೆ.
ಹತ್ತೊಂಬತ್ತು ಫೋಟೊಗಳಲ್ಲಿ ಅದೇ ಸೀಳು,
ಅದೇ ಕೆರೆ, ಅದೇ ಒಂಟಿ ಹಂಸ,
ಕಲಬುರಗಿಯಲ್ಲಿ ಯಾರೂ ಕಾಣದ ಹಂಸ.
ಅಂದರೆ ಒಂದೇ ಸ್ಟುಡಿಯೊ. ಇಷ್ಟು ಗೊತ್ತಾಯಿತು.

ಕೋಟನ್ನು ಓದಿದವನು ದರ್ಜಿ ಮಶಾಕಸಾಬ.
ಕನ್ನಡಕ ಹಣೆಗೇರಿಸಿ, ಫೋಟೊ ಮೂಗಿಗೆ ಹಿಡಿದು,
“ಮೂರನೇ ಗುಂಡಿ ಬ್ಯಾರೆ ಅದ ನೋಡ್ರಿ,
ನಾಕು ತೂತಿಂದು. ಉಳದವು ಎರಡು ತೂತಿನವು.”
ನೋಡಿದೆ. ಗುಮಾಸ್ತನ ಮೈಮೇಲೂ ಅದೇ ಗುಂಡಿ,
ಮದುಮಗನ ಮೈಮೇಲೂ,
ತೋಳು ಬೆರಳು ನುಂಗಿದ ಆ ಹುಡುಗನ ಮೈಮೇಲೂ.
ಕೋಟು ಸ್ಟುಡಿಯೊದ್ದು!
ನಾನು ‘ವಕೀಲ’ ಎಂದು ಬರೆದಿಟ್ಟವನು
ಎರಡಾಣೆ ಬಾಡಿಗೆಗೆ ಒಂದು ಗಳಿಗೆ ವಕೀಲನಾಗಿದ್ದ.
ಕೆಳಗೆ ಬರಿಗಾಲು. ಹೆಬ್ಬೆರಳ ಸಂದಿಯಲ್ಲಿ
ಇನ್ನೂ ಒಣಗದ ಎರಿಮಣ್ಣು.
ಅಳಿಸಿದೆ. ಏನು ಬರೆಯಬೇಕೆಂದು ತೋಚದೆ
ಹಾಗೇ ಬಿಟ್ಟೆ.

ಬೆನ್ನ ಮೇಲಿನ ಉರ್ದುವನ್ನು ಖುರ್ಷಿದ್ ಟೀಚರ್ ಓದಿಕೊಟ್ಟರು.
ಹೆಸರಿರಬಹುದೆಂದು ಪೆನ್ಸಿಲ್ ಚೂಪು ಮಾಡಿ ಕೂತಿದ್ದೆ.
“ಫಸಲಿ ೧೩೪೨. ಮೂರು ಪ್ರತಿ. ಬಾಕಿ ಹನ್ನೆರಡಾಣೆ.”
ಇನ್ನೊಂದು, “ಕಣ್ಣು ಮುಚ್ಚಿದ್ದಾರೆ, ಮತ್ತೆ ಕರೆಯುವುದು.”
ಕರೆದರೋ ಇಲ್ಲವೋ.
ಆ ಮನುಷ್ಯ ನನ್ನ ಎರಡನೇ ಡಬ್ಬಿಯಲ್ಲಿ
ಕಣ್ಣು ಮುಚ್ಚಿಕೊಂಡೇ ಇದ್ದಾನೆ.

ಮೊನ್ನೆ ಜೇವರ್ಗಿ ಕಡೆಯ ನಾಗಿಂದ್ರಮ್ಮ ಬಂದಿದ್ದಳು,
ಮೊಮ್ಮಗಳ ನರ್ಸಿಂಗ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಲು.
ಅಂಟು ಆರುವತನಕ ಡಬ್ಬಿ ತೆರೆದು ಕೂತಳು.
ಜೋಳದಲ್ಲಿ ಹರಳು ಆರಿಸಿದಂತೆ
ಒಂದೊಂದೇ ಎತ್ತಿ, ಒಂದೊಂದೇ ಬದಿಗಿಟ್ಟು,
ಒಮ್ಮೆಲೇ ಕೈ ನಿಂತಿತು.
“ಇಕಿ ನಮ್ಮವ್ವ.”

ಕುರ್ಚಿಯ ಅಂಚಿನಲ್ಲಿ ಕೂತವಳು.
ಗದ್ದದ ಮೇಲೆ ಮೂರು ಹಚ್ಚೆಚುಕ್ಕೆ,
ಕೈಯಲ್ಲಿ ಸ್ಟುಡಿಯೊದ ಪುಸ್ತಕ, ತಲೆಕೆಳಗಾಗಿ.
“ನಿಮ್ಮವ್ವ ಯಾವಾಗ ಹೋದಳು?”
“ನಾ ತೊಟ್ಟಿಲದಾಗ ಇದ್ದೆ. ಅಕಿಗಿ ಹದಿನೇಳು.
ನಂಗ ಈಗ ಎಪ್ಪತ್ತೆರಡು.”
ಫಸಲಿಗೆ ಐದುನೂರ ತೊಂಬತ್ತು ಕೂಡಿಸಿದೆ.
ಆ ಲೆಕ್ಕದಲ್ಲಿ ಇವಳು ಕುರ್ಚಿಯಿಂದೆದ್ದು ಹೋಗಿ
ನಾಲ್ಕು ವರ್ಷಕ್ಕೆ
ನಾಗಿಂದ್ರಮ್ಮನ ಅವ್ವ ಹುಟ್ಟಬೇಕು.

“ಮತ್ತ ಮುಖ ಹ್ಯಾಂಗ ಗೊತ್ತಾಯ್ತವ್ವ ನಿಂಗ?”
“ಗೊತ್ತಿಲ್ಲ. ಅಕಿಂದು ಯಾರೂ ತೆಗಿಸಿಲ್ಲ.”
ಸೆರಗಿನ ತುದಿಯಿಂದ ಗದ್ದದ ಚುಕ್ಕೆಗಳನ್ನು ಒರೆಸಿ,
“ಇಕಿ ಆಗ್ತಾಳ.”

ಸುಮ್ಮನೆ ಸಾಗವಾನಿಯ ಒಂದು ಹಳೆ ಕಟ್ಟು ಹುಡುಕಿದೆ.
ಗಾಜು ಕೂರಿಸುವ ಮೊದಲು ಆಕೆ ಫೋಟೊ ತಿರುವಿ
“ಇದೇನು ಬರದದ?” ಅಂದಳು.
ಹೇಳಬಾರದಿತ್ತೇನೋ. ಹೇಳಿದೆ.

ಎಲೆಚೀಲದ ದಾರ ಸಡಿಲಿಸಿ
ಒಂದು ರೂಪಾಯಿ ಹಲಗೆಯ ಮೇಲಿಟ್ಟಳು.
“ಬಾಕಿ ಮುರಕೋರಿ. ಅಕಿ ಮ್ಯಾಲ ಋಣ ಬ್ಯಾಡ.”

ಗಲ್ಲೆಯ ಮೂಲೆ ಮೂಲೆ ಕೆದಕಿದೆ.
ತಿರುಗಿ ಕೊಡಲು ನಾಲ್ಕಾಣೆ ಇರಲಿಲ್ಲ.