ಮಾವಿನ ಹಲಗೆ

ಕದ್ರಾದ ಗೇಟು ತೆಗೆದ ರಾತ್ರಿ ನನಗೆ ನಲವತ್ತು ದಿನ.
ಈ ನೆನಪು ನನ್ನದಲ್ಲ, ಅವ್ವಿಯ ಬಾಯಿಂದ ಬಂದದ್ದು.
ಹೇಳಿದಾಗೆಲ್ಲ ಒಂದೊಂದು ಗೇಟು ಹೆಚ್ಚಾಗುತ್ತದೆ ಅವಳಿಗೆ,
ನೀರು ಮಾತ್ರ ಅಷ್ಟೇ: ಸೊಂಟದವರೆಗೆ, ಕೆಂಪಗೆ,
ಯಾರದೋ ಚಾಪೆ, ಯಾರದೋ ಕೋಳಿಗೂಡು ಹೊತ್ತುಕೊಂಡು.

ಕಾಳಿಯ ದಂಡೆಯಿಂದ ಗುಡ್ಡಕ್ಕೆ ಒಂದೇ ದಾರಿ.
ದಾರಿಯ ತುದಿಗೆ ಇಗರ್ಜಿ,
ಇಗರ್ಜಿಯ ಹಿಂದೆ ಇನಾಸನ ಬಡಗಿ ಶೆಡ್ಡು.
ಪಾದ್ರಿಗಳು ಕಾರವಾರಕ್ಕೆ ಹೋಗಿದ್ದರು,
ಬೀಗದ ಕೈ ಅವರ ಕಿಸೆಯಲ್ಲಿ.
ಇನಾಸ ತಿರುಪು ಬಿಚ್ಚಿ ಬಾಗಿಲನ್ನೇ ಎತ್ತಿ
ಗೋಡೆಗೆ ಒರಗಿಸಿದ.
"ಬನ್ನಿ" ಎಂದ. ಅಷ್ಟೆ.

ಯಾರು ಯಾವ ಪೈಕಿ ಎಂದು ಕೇಳಿದವಳು ಪಿಯದಾದ ಬಾಯಿ,
ಅದೂ ಗಂಜಿಗಾಗಿ:
"ಒಣ ಶೆಟ್ಲಿ ತಿನ್ನೋರು ಈಚೆ, ತಿನ್ನದವರು ಆಚೆ.
ಎರಡು ಗಡಿಗೆ ಇಟ್ಟಿದ್ದೇನೆ.
ಸೌಟು ಬದಲಾಗೋದಿಲ್ಲ, ನಂಬಿ."

ಬೆಂಚುಗಳೆಲ್ಲ ತುಂಬಿದವು.
ನೆಲ ಒಸರುತ್ತಿತ್ತು, ಮುದುಕರ ಮೂಳೆ ನಡುಗುತ್ತಿತ್ತು.
ಆಗ ಇನಾಸ ಶೆಡ್ಡಿನಿಂದ
ಒಂದೊಂದಾಗಿ ಹೊತ್ತು ತಂದು ಸಾಲಾಗಿ ಇಟ್ಟ,
ಮಾವಿನ ಹಲಗೆಯ ಪೆಟ್ಟಿಗೆಗಳನ್ನು,
ಇನ್ನೂ ಕಪ್ಪು ಬಟ್ಟೆ ಹೊಡೆಯದವು.
ಏಳು ದೊಡ್ಡವು. ಒಂದು ಚಿಕ್ಕದು.

ಯಾರೂ ಮಾತಾಡಲಿಲ್ಲ.
ಅಜ್ಜಿ ಮಣಿಸರ ಸರಿಪಡಿಸಿಕೊಂಡು
"ಸಾಯದೆ ನಾನು ಅದರಲ್ಲಿ ಮಲಗೂದಿಲ್ಲ" ಎಂದಳು.

ಇನಾಸ ದಪ್ಪ ಮನುಷ್ಯ.
ಚಪ್ಪಲಿ ಕಳಚಿ ಮೊದಲ ಪೆಟ್ಟಿಗೆಯೊಳಗೆ ಇಳಿದ,
ಕೈ ಎದೆಯ ಮೇಲೆ, ಕಣ್ಣು ಮುಚ್ಚಿ,
ಹೇಗೆ ಮಲಗಬೇಕೋ ಹಾಗೇ ಮಲಗಿದ.
ಒಂದು ಉಸಿರು. ಎರಡು ಉಸಿರು.
ಹಂಚಿನ ಮೇಲೆ ಮಳೆ.
ಯಾರದೋ ಮಗು ಹೆದರಿ ಅತ್ತಿತು.
ಆಮೇಲೆ ಎದ್ದು ಕೂತು, ಬೆನ್ನಿನ ಹೊಟ್ಟು ಕೊಡವಿ:
"ನೋಡಿ, ಏಳಬಹುದು.
ನಾನೇ ಮಾಡಿದ್ದು, ನನಗೆ ಗೊತ್ತಿಲ್ಲವೆ?"

ಮೊದಲು ನಕ್ಕವಳು ಅಜ್ಜಿ.
ಕೊರಳಿನ ಮಣಿಗಳೆಲ್ಲ ಹಲಗೆಗೆ ಬಡಿದು ಸದ್ದಾಗುವಂತೆ
ಆ ಪೆಟ್ಟಿಗೆಯಲ್ಲೇ ಮಲಗಿದಳು, ಕವಳ ಬಾಯಲ್ಲಿಟ್ಟುಕೊಂಡು.

ಚಿಕ್ಕದು ನನ್ನ ಪಾಲಿಗೆ.
ಯಾರಿಗೆಂದು ಮಾಡಿದ್ದನೋ, ಅವ್ವಿ ಕೇಳಲಿಲ್ಲ.
ಅದರ ತಳಕ್ಕೆ ಹಳೆಯ ಸೀರೆ ಮಡಿಸಿ ಹಾಸುವಾಗ
ಪಿಯದಾದ ಬಾಯಿ ಮುಖ ತಿರುಗಿಸಿದ್ದನ್ನು ಕಂಡಳು,
ಕಂಡೂ ನನ್ನನ್ನು ಮಲಗಿಸಿದಳು.
"ಇಬ್ಬರಿಗೂ ಬೇಕಿತ್ತು" ಅನ್ನುತ್ತಾಳೆ ಈಗ,
ಬಿಡಿಸಿ ಹೇಳುವುದಿಲ್ಲ.

ಒಂಬತ್ತು ರಾತ್ರಿ.
ಯಾರೂ ನಮಗೆ ಏನನ್ನೂ ಬೋಧಿಸಲಿಲ್ಲ.
ಸಂಜೆ ಗಂಡ ಹೆಂಡತಿ ಮೂಲೆಯಲ್ಲಿ ಮೊಣಕಾಲೂರಿ
ಮಲಗಿದವರು ಏಳದಂತೆ ಪಿಸುದನಿಯಲ್ಲಿ ತೇರ್ಸ ಹೇಳುವರು.
ಅಜ್ಜಿ ತನ್ನ ಮಣಿಗಳನ್ನೂ ಜೊತೆಗೆ ಎಣಿಸುವಳು,
ಅವರ ಲೆಕ್ಕ ತಪ್ಪಬಾರದೆಂದು.
ನಾಲ್ಕನೇ ದಿನ ಪಾದ್ರಿಗಳು ದೋಣಿಯಲ್ಲಿ ಬಂದರು,
ಕಿತ್ತ ಬಾಗಿಲು ನೋಡಿದರು, ಪೆಟ್ಟಿಗೆಗಳನ್ನು ನೋಡಿದರು,
"ತಿರುಪು ಕಳೀಬೇಡ ಇನಾಸ" ಎಂದು
ಕೌದಿ ಹುಡುಕಲು ಹೋದರು.

ಆಮೇಲೆ ಕೆಸರು, ತಲಾಟಿ, ಪಂಚನಾಮೆ, ಪರಿಹಾರದ ಚೀಟಿ.
ಪೆಟ್ಟಿಗೆಗಳು ಉಜ್ಜುಗೊರಡು ಹಾಯಿಸಿಕೊಂಡು
ಒಂದೊಂದಾಗಿ ತಮ್ಮ ಕೆಲಸಕ್ಕೆ ಹೋದವು.
ಒಂದು ಮಾತ್ರ ಹೋಗಲಿಲ್ಲ.
ಎಷ್ಟು ಉಜ್ಜಿದರೂ ಒಳಗೊಂದು ಕೆಂಪು:
"ಯಾರೋ ಉಗುಳಿದ್ದು" ಎಂದು ಗಿರಾಕಿಗಳು ಬೇಡವೆಂದರು.
ಅದರಲ್ಲಿ ಅವನು ಮೊಳೆಯ ಡಬ್ಬಿ, ಅಂಟಿನ ಡಬ್ಬಿ ಇಡುತ್ತಿದ್ದ.

ಮೊನ್ನೆ ಜೂನಿನಲ್ಲಿ ಮೊಳೆಗಳನ್ನು ಹೊರಗೆ ಸುರಿದರು.
ಇನಾಸ ಬೂಟು ಹಾಕಿ ಮಲಗಿದ್ದ,
ಕೈ ಎದೆಯ ಮೇಲೆ, ಹೇಗೆ ಮಲಗಬೇಕೋ ಹಾಗೆ.
ಎಡಗಿವಿಯ ಹತ್ತಿರ ಅಜ್ಜಿಯ ಕವಳದ ಕಲೆ.

ಮುಚ್ಚಳ ಹಾಕುವ ಮೊದಲು ನಾನು ಕಾದೆ.
ಒಂದು ಉಸಿರು. ಎರಡು ಉಸಿರು.
ಮೂರನೆಯದಕ್ಕೆ ಹಿಂದಿನವರು "ಎತ್ತೋ" ಎಂದರು.

ಮಾವು ಹಗುರ ಅನ್ನುತ್ತಾರೆ. ಸುಳ್ಳು.

ಮಣ್ಣು ಮಾಡಿ ಬರುವಾಗ
ಪಿಯದಾದ ಬಾಯಿಯ ಒಲೆಯ ಮುಂದೆ ಅವ್ವಿ ಕೂತಿದ್ದಳು,
ಬಂದ ನೆಂಟರನ್ನು ಒಬ್ಬೊಬ್ಬರಾಗಿ ಕೇಳುತ್ತ:
ಶೆಟ್ಲಿ ತಿನ್ನುತ್ತೀರೋ, ಇಲ್ಲವೋ?