ಮೂರು ಎಂಎಂ

ಎಡಗಡೆ ಟಕ್ ಅಂತೈತಿ ಅಂದ್ರು ಹಲಗೇಕರ ಮೇಡಂ.
ನಾ ನಕ್ಕೆ. ನಿನ್ನೇನ ಎರಡೂ ಬಾಜೂ ಹೊಸಾ ಸ್ಟ್ರಟ್ ಕೂಡಿಸೇನಿ,
ಉದ್ಯಮಬಾಗದ ಈ ಶೆಡ್ಡಿನ್ಯಾಗ ಮೂರು ದಿನ ಬೆನ್ನು ನೆಲಕ್ಕ ಹಚ್ಚಿ.
ಹೊಸಾವು ಸ್ವಲ್ಪ ಮಾತಾಡತಾವ್ರಿ,
ರೂಢಿ ಆದ ಮ್ಯಾಲ ಸುಮ್ಮನಾಗತಾವು ಅಂದೆ.

ಅವರು ನಗಲಿಲ್ಲ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಕೂತ ಕಿವಿ ಅದು,
ಪುಣೆ ಲೈನಿನ ಗೊರಗೊರ ಬ್ಯಾರೆ, ಗೋಕಾಕ ಲೈನಿನದು ಬ್ಯಾರೆ ಅಂತ
ಕಣ್ಣು ಮುಚ್ಚಿ ಹೇಳತಿದ್ದ ಕಿವಿ.
ರಿಟೈರ್ ಆದಾಗ ಬಂದ ರೊಕ್ಕಾಕ್ಕ ಬಂಗಾರ ತಗೋಲಿಲ್ಲ,
ವಾಸ್ಕೋದಾಗ ಉಪ್ಪುಗಾಳಿ ತಿಂದು ನಿಂತಿದ್ದ ಈ ದಾಟ್ಸನ್ ತಗೊಂಡ್ರು:
ಎಪ್ಪತ್ತೆರಡನೇ ಇಸವೀದು, ಎರಡೇ ಸೀಟು,
ಉದ್ದ ಮೂಗಿನ ಕಿತ್ತಳಿ ಬಣ್ಣದ್ದು.
ಟ್ರಕ್ಕಿನ ಬೆನ್ನೇರಿ ಚೋರ್ಲಾ ಘಾಟ ಹತ್ತಿ ಬಂದಿತ್ತು.

ಹುಡುಕಿದ್ವಿ. ಗೈಬೂ ಕೆಳಗ, ನಾ ಮ್ಯಾಲ.
ಟಾಪ್ ಮೌಂಟಿನ ನಟ್ಟು ಬಿಗಿ.
ಬಾಲ್ ಜಾಯಿಂಟಿಗೆ ಹಾರಿ ಹಾಕಿ ಮೀಟಿದ್ವಿ, ಅಲುಗಾಡಲಿಲ್ಲ.
ಸ್ಪ್ರಿಂಗು ತನ್ನ ಮಣಿ ಮ್ಯಾಲ ನೆಟ್ಟಗ ಕೂತಿತ್ತು.
ಮೂಗು ಹಿಡಿದು ಒತ್ತಿದ್ರ ಗಾಡಿ ಒಂದ ಸರ್ತಿ ಎದ್ದು ನಿಂತಿತು, ಕುಣೀಲಿಲ್ಲ.
ರಸ್ತೇಕ್ಕ ಒಯ್ದ್ರ, ಪೀರನವಾಡಿ ಹಂಪಿನ ಮ್ಯಾಲ
ಟಕ್.

"ಹತ್ತುವಾಗ ಅಲ್ಲ," ಅಂದ್ರು ಮೇಡಂ, ಕಣ್ಣು ಮುಚ್ಚಿ,
"ದಾಟಿದ ಮ್ಯಾಲ ಗಾಲಿ ಜೋತು ಬೀಳತೈತಲ್ಲ, ಆಗ."

ಅಂದ್ರ ದಬ್ಬಿದಾಗ ಅಲ್ಲ, ಜಗ್ಗಿದಾಗ.
ಒಳಗ ಏನೋ ಎದ್ದು ತಲಿ ಬಡಕೊಳ್ಳಾಕತ್ತೈತಿ.

ಸ್ಪ್ರಿಂಗಿಗೆ ಕ್ಲ್ಯಾಂಪ್ ಹಾಕಿ ಮತ್ತ ಬಿಚ್ಚಿದ್ವಿ.
ಆ ಹೊತ್ತಿನ್ಯಾಗ ನಾ ಯಾರ ಜೋಡೀನೂ ಮಾತಾಡೂದಿಲ್ಲ,
ಒತ್ತಿ ಹಿಡಿದ ಸ್ಪ್ರಿಂಗು ಮುಖಾ ನೋಡಿ ಬಿಡೂದಿಲ್ಲ.
ಕೊಳವಿ, ಅದರೊಳಗ ಕಾರ್ಟ್ರಿಜ್, ಮ್ಯಾಲ ಮುಚ್ಚಳದ ನಟ್ಟು.
ನಟ್ಟು ನಾನ ಬಿಗಿದಿದ್ದೆ. ಟಾರ್ಕ್ ಪಾನಾ ಕಟ್ ಅಂದಿತ್ತು.
ಆ ಕಟ್ಟಿನ ಮ್ಯಾಲ ನಾ ಆಣಿ ಇಟ್ಟಿದ್ದೆ.

ಗೈಬೂ ಎದುರಿನ ಕ್ಯಾಂಟೀನಿಂದ ಕಣಕದ ಉಂಡಿ ತಂದ,
ಪೂರಿಗೆ ನಾದಿಟ್ಟಿದ್ದು.
ಕಾರ್ಟ್ರಿಜಿನ ನೆತ್ತಿಗೆ ಹಚ್ಚಿ ನಟ್ಟು ಪೂರಾ ಬಿಗಿದ್ವಿ. ಕಟ್.
ಬಿಚ್ಚಿದ್ವಿ.
ಕಣಕ ಒತ್ತಿ ಹೋಗಿ ಕಾಗದ ಆಗಬೇಕಿತ್ತು.
ದಪ್ಪ ರೊಟ್ಟಿಯಂಗ ನಿಂತಿತ್ತು.
ವರ್ನಿಯರ್ ಹಿಡಿದ್ರ ಮೂರು ಎಂಎಂ, ಮ್ಯಾಲೊಂದು ಕೂದಲೆಳಿ.

ಈ ಗಾಡೀದ ಕಾರ್ಟ್ರಿಜ್ ಈಗ ನಮಗ ಸಿಗೂದಿಲ್ಲ,
ಬ್ಯಾರೆ ಗಾಡೀದು ತರಿಸಿದ್ವಿ. ದಪ್ಪ ಸರಿ, ಉದ್ದ ಸಾಲದು.
ನಟ್ಟು ಬಿಗಿ ಆಗಿದ್ದು ಕೊಳವಿಯ ಬಾಯಿಗೆ.
ಒಳಗಿದ್ದಾಂವನ ತಲಿಗೆ ಅದರ ಕೈ ಮುಟ್ಟೇ ಇರಲಿಲ್ಲ.

ವಸಂತ ಮುತಗೇಕರ
ಕನ್ನಡದಾಗ ಬೈದು ಮರಾಠಿಯೊಳಗ ಲೆಕ್ಕಾ ಮಾಡೂ ಮನುಷ್ಯಾ.
ಬುಡಕ್ಕ ಇಡಾಕ ಒಂದು ರಿಂಗು ತಿರುವಿಕೊಡು ಅಂದೆ.
ಲೇಥಿನಿಂದ ನೀಲಿ ಸುರುಳಿ ಬಿದ್ದವು, ಅವನ ಚಪ್ಪಲಿ ಸುತ್ತ.
ಎರಡು ರಿಂಗು ಕೈಯಾಗಿಟ್ಟ, ಇನ್ನೂ ಬಿಸಿ.
ಒಂದ ಹೇಳಿದ್ದೆ ಅಲ್ಲೋ?
"ಗಾಡಿಗೆ ಒಂದ ಕಾಲೇನು?"
ಬಲಕ್ಕ ಸದ್ದ ಇಲ್ಲಪಾ ಅಂದೆ,
ಎರಡನೇದನ್ನ ಅಂಗಿ ಕಿಸೆದಾಗ ಬಿಟ್ಟೆ.

ರಿಂಗು ಬುಡಕ್ಕ. ಕೊಳವಿಯೊಳಗ ಅರ್ಧ ಕಪ್ಪು ಆಯಿಲ್.
ನಟ್ಟು ಈ ಸಲ ಬ್ಯಾರೆ ನಮೂನಿ ಬಿಗೀತು,
ಬಾಯಿ ಮುಟ್ಟೂಕಿಂತ ಮೊದಲ ಒಳಗ ಯಾರೋ ತಡದಂಗ.

ಖಾನಾಪುರ ರಸ್ತೆ. ಫೌಂಡ್ರಿ ಪಾಳಿ ಬಿಟ್ಟಿತ್ತು,
ಮುಖದ ಮ್ಯಾಲ ಮಸಿ ಇದ್ದ ಹುಡುಗರು ಬೈಕ್ ನಿಲ್ಲಿಸಿ ನೋಡಿದ್ರು.
ಹಂಪು ಹತ್ತಿತು, ಇಳೀತು, ಗಾಲಿ ಜೋತು ಬಿತ್ತು.
ಏನಿಲ್ಲ.
ಮೇಡಂ ತಿರುಗಿಸಿಕೊಂಡು ಮತ್ತ ಹಾಯ್ಸಿದ್ರು. ಏನಿಲ್ಲ.
ರೊಕ್ಕಾ ಎಣಿಸಿ ಕೊಟ್ಟು ಹೋದ್ರು.

ಚಹಾ ಇನ್ನೂ ಅರ್ಧ ಇತ್ತು,
ಕಿತ್ತಳಿ ಮೂಗು ಮತ್ತ ಗೇಟಿನೊಳಗ ಬಂತು.
ಇಂಜಿನ್ ಬಂದ್ ಮಾಡಲಿಲ್ಲ, ಗ್ಲಾಸಷ್ಟ ಇಳಿಸಿದ್ರು.
"ದೊಡ್ಡ ದನಿಯಾಂವ ಫೋನ್ ಇಟ್ಟ ಮ್ಯಾಲ
ಲೈನಿನ್ಯಾಗ ಇನ್ನೊಬ್ಬ ಅದಾನ ಅಂತ ಗೊತ್ತಾತು."

ನಾ ಕಿಸೆ ಮುಟ್ಟಿ ನೋಡಿಕೊಂಡೆ.
ಗೈಬೂ ಆಗಲೇ ಜಾಕ್ ಎಳಕೋತ ಬಲಕ್ಕ ಹೊಂಟಿದ್ದ.